ವಿಮಾನ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ನಾನು ಲೆಕ್ಕ ಹಾಕುವ ರೀತಿ

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳದ ಕಡೆ ಗಲ್ಫಿಗೆ ಹೋಗಿ ಬರುವವರು ತುಂಬ ಜನ. ಈಗ ಲಂಡನ್, ಅಮೆರಿಕ ಅಂತ ಹೊರಡುವ ಮಕ್ಕಳೂ ಜಾಸ್ತಿಯಾಗಿದ್ದಾರೆ. ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವನಾದ್ದರಿಂದ ನೆರೆಕರೆಯವರು ಟಿಕೆಟ್ ತಂದು ತೋರಿಸುತ್ತಾರೆ. "ಮಾಷ್ಟ್ರೇ, 8 ಗಂಟೆಗೆ ಹೊರಟು 10.15ಕ್ಕೆ ದುಬೈ ಅಂತ ಉಂಟು. ಎರಡೇ ಗಂಟೆ ಸಾಕಾ?"

ಸಾಲದು. ಟಿಕೆಟಿನಲ್ಲಿ ಹೊರಡುವ ಹೊತ್ತು ಮಂಗಳೂರಿನದ್ದು, ಮುಟ್ಟುವ ಹೊತ್ತು ದುಬೈಯದ್ದು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಸೇರಿಸಿದರೆ ಮುಟ್ಟುವಾಗ ನಮ್ಮಲ್ಲಿ 11.45. ಅಂದರೆ ಹಾರಾಟ ಮೂರೂಮುಕ್ಕಾಲು ಗಂಟೆ. ಯಾವ ಊರಿನ ಟಿಕೆಟ್ ಆದರೂ ಎರಡೂ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತಂದುಕೊಂಡು, ಆಮೇಲೆ ಕಳೆಯುತ್ತೇನೆ. ಲಂಡನ್ನಿಗಾದರೆ ತಿಂಗಳನ್ನೂ ನೋಡಬೇಕು. ಚಳಿಗಾಲದಲ್ಲಿ ವ್ಯತ್ಯಾಸ ಐದೂವರೆ ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ.

ದೂರ ಅಳೆಯುವುದು ನನಗೆ ಬಹಳ ಇಷ್ಟದ ಕೆಲಸ. ಅದಕ್ಕೆ ಶಾಲೆಯ ಗ್ಲೋಬು ಮತ್ತು ಒಂದು ನೂಲು ಸಾಕು. ನಮ್ಮ ಗ್ಲೋಬಿನ ಸಮಭಾಜಕ ವೃತ್ತಕ್ಕೆ ನೂಲು ಸುತ್ತಿದರೆ 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ 1 ಸೆಂ.ಮೀ. ಅಂದರೆ 425 ಕಿ.ಮೀ. ಮಂಗಳೂರು–ದುಬೈ ನೂಲು 6 ಸೆಂ.ಮೀ.ಗೂ ಸ್ವಲ್ಪ ಕಡಿಮೆ, ಸುಮಾರು 2,460 ಕಿ.ಮೀ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೂಲನ್ನು ಬಿಗಿಯಾಗಿ ಎಳೆಯಲು ಮಕ್ಕಳಿಗೇ ಹೇಳುತ್ತೇನೆ. ನೂಲು ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ! ಗೋಡೆಯ ನಕ್ಷೆ ನೋಡಿದರೆ ಇದು ಹೊಳೆಯುವುದೇ ಇಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸುಮಾರು 14,000 ಕಿ.ಮೀ.ಯ ಈ ದಾರಿಯಲ್ಲೇ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿ ಬಂದರು.

ದೂರ ಸಿಕ್ಕಿದ ಮೇಲೆ 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುತ್ತೇನೆ. ವಿಮಾನ ಮೇಲೆ ಹೋದ ಮೇಲೆ ಗಂಟೆಗೆ 900 ಕಿ.ಮೀ. ಹತ್ತಿರ ಹಾರುತ್ತದೆ ನಿಜ, ಆದರೆ ಏರುವಾಗ, ಇಳಿಯುವಾಗ ನಿಧಾನ, ದಾರಿಯೂ ಪೂರ್ತಿ ನೇರ ಇರುವುದಿಲ್ಲ. ಬೆಂಗಳೂರು–ಲಂಡನ್ 8,000 ಕಿ.ಮೀ.ಗೆ ಹತ್ತೂವರೆ ಗಂಟೆ ಬರುತ್ತದೆ. ಸರಿಯಾಗಿಯೇ ಉಂಟು ಅಲ್ವಾ? ಪಶ್ಚಿಮಕ್ಕೆ ಹೋಗುವಾಗ ಮೇಲಿನ ಗಾಳಿ ಎದುರಿಗೆ ಬರುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ದುಬೈಯಿಂದ ವಾಪಸ್ ಬರುವಾಗ ಸಾಮಾನ್ಯವಾಗಿ ಬೇಗ.

ಜನ ಮರೆಯುವುದು ನೆಲದ ದಾರಿಯನ್ನು. ಕುಂಬಳೆಯಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ 50 ಕಿ.ಮೀ. ಆಸುಪಾಸು. ಮಳೆಗಾಲ, ದಾರಿಯಲ್ಲಿ ತಲಪಾಡಿ, ಪಂಪ್‌ವೆಲ್‌ನ ಟ್ರಾಫಿಕ್ ಎಲ್ಲ ಲೆಕ್ಕ ಹಿಡಿದು ಎರಡು ಗಂಟೆ ಇಡಿ ಅನ್ನುತ್ತೇನೆ. ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಹಾರುವುದಕ್ಕಿಂತ ಹೊರಡುವುದಕ್ಕೇ ಜಾಸ್ತಿ ಹೊತ್ತು! 8ರ ವಿಮಾನಕ್ಕೆ ಮನೆಯಿಂದ ಬೆಳಗಿನ ಜಾವ 3ಕ್ಕೆ ಹೊರಡಿ.

ಕೊನೆಗೆ ಅಮ್ಮಂದಿರಿಗೆ ಒಂದು ಚೀಟಿ ಬರೆದು ಕೊಡುತ್ತೇನೆ. ಅದರಲ್ಲಿ ಎಲ್ಲ ನಮ್ಮ ಗಡಿಯಾರದ ಹೊತ್ತೇ: ಇಳಿಯುವುದು 11.45, ಪಾಸ್‌ಪೋರ್ಟ್ ಸಾಲು, ಬ್ಯಾಗು ಮುಗಿದು ಹೊರಗೆ ಬರುವಾಗ 12.45. ಅಲ್ಲಿಯವರೆಗೆ ಫೋನ್ ಬರಲಿಲ್ಲ ಅಂತ ಸುಮ್ನೆ ಹೆದರಬೇಡಿ ಎಂದು ಕೆಳಗೆ ಬರೆದಿರುತ್ತೇನೆ.