ಪಾಯಕ್ಕೆ ಒಂದು ಮಳೆಗಾಲ ಕೊಡಿ

ತೀರ್ಥಹಳ್ಳಿ, ಹೊಸನಗರ ಕಡೆ ಬಾಡಿಗೆಗೆ ಮನೆ ಕಟ್ಟಿಸುವವರು ಮೇ ಒಳಗೆ ಪಾಯ ಮುಗಿಸಿ, ಮಣ್ಣು ತುಂಬಿಸಿ, ಒಂದು ಮಳೆಗಾಲ ಹಾಗೇ ಬಿಟ್ಟುಬಿಡಿ. ನೀರು ಇಳಿದ ಹಾಗೆ ಮಣ್ಣು ತಾನೇ ಕೂರುತ್ತದೆ. ದಸರಾ ಹೊತ್ತಿಗೆ ತಗ್ಗಾದಲ್ಲಿ ಮತ್ತೆ ತುಂಬಿಸಿ, ದಮ್ಮಸು ಹೊಡೆಸಿ, ಆಮೇಲೆ ನೆಲಕ್ಕೆ ಕಾಂಕ್ರೀಟ್ ಹಾಕಿಸಿ. ಆತುರಪಟ್ಟರೆ ಟೈಲ್ಸ್ ಕೆಳಗೆ ಟೊಳ್ಳು ಬೀಳುತ್ತದೆ, ಕಾಲಿಟ್ಟರೆ ಟಕ್ ಅನ್ನುತ್ತದೆ. ಬಾಡಿಗೆಯವರನ್ನು ಎಬ್ಬಿಸಿ ನೆಲ ಅಗೆಸೋದು ಯಾರಿಗೆ ಬೇಕು, ಅಲ್ವಾ? ಮೇಲೆ ಬಿಟ್ಟ ಕಾಲಂ ಕಂಬಿಗೆ ಸಿಮೆಂಟ್ ಹಾಲು (ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಬಳಿಸಿಡಿ, ನಮ್ಮ ಮಳೆಗೆ ತುಕ್ಕು ಬೇಗ. ಹೀಗೆ ಮಳೆಗಾಲ ಬಿಡೋದು ಕೆಂಪು ಮಣ್ಣು, ಜಂಬಿಟ್ಟಿಗೆ ಪುಡಿ ತುಂಬಿಸಿದ್ದರೆ ಮಾತ್ರ. ಎರೆಮಣ್ಣು ತುಂಬಿಸಿದ್ದರೆ ಎಷ್ಟು ಕಾದರೂ ಸುಮ್ನೆ, ಅದು ನೀರು ಕುಡಿದು ಉಬ್ಬುತ್ತದೆ. ಬ್ಯಾಂಕ್ ಸಾಲದಲ್ಲಿ ಕಟ್ಟುತ್ತಿದ್ದರೆ ಮೊದಲು ಲೆಕ್ಕ ಹಾಕಿ, ಕಾಯುವ ನಾಲ್ಕು ತಿಂಗಳ ಬಡ್ಡಿಯೇ ರಿಪೇರಿಯಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಆಗಬಹುದು.