ಬಣ್ಣಕ್ಕೆ ಮೊದಲು ಗೋಡೆ: ಒಂದು ಕೋಣೆಯನ್ನು ನಾನೇ ರಿಪೇರಿ ಮಾಡಿದ್ದು

ಕೋಣೆಗೆ ಹೊಸ ಬಣ್ಣ ಹೊಡೆಯೋಣ ಅಂದ ಕೂಡಲೇ ಮನೆಯವರೆಲ್ಲ ಬಣ್ಣದ ಕಾರ್ಡ್ ಹಿಡಿದು ಕೂತರು. ನಾನು ಹಿಡಿದದ್ದು ಸ್ಕ್ರೂಡ್ರೈವರ್, ಅದೂ ತಲೆಕೆಳಗಾಗಿ. ಅದರ ಹಿಡಿಯಿಂದ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಗೇಣು ಗೇಣಿಗೆ ಬಡಿಯುತ್ತಾ ಹೋದೆ. ಗಟ್ಟಿಯಾಗಿ ಕೂತಿರುವ ಗಾರೆ ‘ಟಕ್’ ಅನ್ನುತ್ತದೆ, ಇಟ್ಟಿಗೆಯಿಂದ ಬಿಟ್ಟುಕೊಂಡದ್ದು ‘ಡಬ್’ ಅನ್ನುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಮತ್ತೆ ಗುರುತು ತಪ್ಪುವುದಿಲ್ಲ. ಟೊಳ್ಳು ಸದ್ದು ಬಂದಲ್ಲೆಲ್ಲ ಸುತ್ತ ಪೆನ್ಸಿಲ್ ಗೆರೆ ಎಳೆದೆ. ಹಿಂದೆ ಸರಿದು ನಿಂತು ನೋಡಿದರೆ, ಅಂಗೈಯಗಲ ಹಕ್ಕಳೆ ಎದ್ದಿದ್ದ ಕಡೆ ಒಳಗೆ ಮೊರದಗಲ ಗಾರೆ ಬಿಟ್ಟುಕೊಂಡಿತ್ತು. ಹಾಳಾದ ಗೋಡೆಯ ಲೆಕ್ಕ ಯಾವಾಗಲೂ ಹೀಗೇ. ಕಾಣುವುದಕ್ಕಿಂತ ಹೆಚ್ಚು ತೆಗೆಯಬೇಕು, ತೆಗೆದದ್ದಕ್ಕಿಂತ ಅಗಲವಾಗಿ ಮುಚ್ಚಬೇಕು.

ತೊಂದರೆಗಳು ಒಂದೇ ಜಾತಿಯವಲ್ಲ. ಬಚ್ಚಲಿಗೆ ಹೊಂದಿಕೊಂಡ ಗೋಡೆಯ ಬುಡ ಉಬ್ಬಿ ಬಿಳಿ ಉಪ್ಪು ಒಸರುತ್ತಿತ್ತು. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು. ಕಾಂಕ್ರೀಟ್ ತೊಲೆಯೂ ಇಟ್ಟಿಗೆ ಗೋಡೆಯೂ ಸೇರುವಲ್ಲಿ ನೆಟ್ಟಗೆ ಇನ್ನೊಂದು. ಹಳೆಯ ಮೊಳೆ, ಸ್ಕ್ರೂಗಳ ತೂತುಗಳಂತೂ ಇದ್ದೇ ಇದ್ದವು. ಇದರ ಮೇಲೆ, ಒಂದು ಗೋಡೆಯ ಬಣ್ಣದಡಿ ಯಾವ ಕಾಲದ್ದೋ ಡಿಸ್ಟೆಂಪರ್, ಅಂದರೆ ನೀರಿನಲ್ಲಿ ಕಲಸಿ ಹಚ್ಚುವ ಸೀಮೆಸುಣ್ಣದಂಥ ಬಣ್ಣ.

ಮೊದಲು ತೇವದ ವಿಚಾರಣೆ. ಸುಮಾರು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಬಿಗಿದು ಒಂದೆರಡು ದಿನ ಬಿಡಬೇಕು. ಹಾಳೆಯ ಹೊರಮೈ ಬೆವತರೆ ಅದು ಕೋಣೆಯ ಗಾಳಿಯಲ್ಲಿರುವ ತೇವ, ಕಿಟಕಿ ತೆರೆದು ಗಾಳಿಯಾಡಿಸಿದರೆ ಹೋಗುತ್ತದೆ. ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ನಮ್ಮದು ಒಳಮೈ. ನಲ್ಲಿಗಳನ್ನೆಲ್ಲ ನಿಲ್ಲಿಸಿ ನೀರಿನ ಮೀಟರ್ ನೋಡಿದೆ, ಮುಳ್ಳು ಅಲ್ಲಾಡಲಿಲ್ಲ. ಅಂದರೆ ನೀರು ತರುವ ಪೈಪು ಸರಿಯಿದೆ, ಅನುಮಾನ ಬಚ್ಚಲಿನ ನೆಲದ ಮೇಲೆ. ಗೋಡೆಯೂ ನೆಲವೂ ಕೂಡುವ ಕಡೆ ಟೈಲ್ಸ್ ಸಂದಿನ ಗ್ರೌಟ್ ಉದುರಿಹೋಗಿತ್ತು. ಹಳೆಯದನ್ನೆಲ್ಲ ಕೆರೆದು ತೆಗೆದು ಹೊಸದು ತುಂಬಿದೆ.

ಇಷ್ಟಾದ ಮೇಲೂ ಗೋಡೆ ತಾನೇ ತಾನಾಗಿ ಒಣಗಿಬಿಡುವುದಿಲ್ಲ. ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕಟ್ಟಡ ಕೆಲಸದವರ ಅಂದಾಜು. ಅದಕ್ಕೇ ಹಾಳಾದ ಗಾರೆಯನ್ನು ಮೊದಲೇ ಕಿತ್ತು ಇಟ್ಟಿಗೆಯನ್ನು ಗಾಳಿಗೆ ಬಿಟ್ಟೆ. ಕೀಳಲೇಬೇಕಾದದ್ದಕ್ಕೆ ಇನ್ನೊಂದು ಕಾರಣ ಉಪ್ಪು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸೋರಿಕೆ ನಿಂತರೂ ಉಪ್ಪು ಹಿಡಿದ ಗಾರೆ ಮೋಡದ ದಿನ ಮತ್ತೆ ಒದ್ದೆಯಾಗುತ್ತದೆ. ಬಿಳಿ ಉಪ್ಪಿನ ಗೆರೆಯಿಂದ ಒಂದಡಿ ಮೇಲಿನವರೆಗೂ ತೆಗೆದೆ.

ಉಳಿ ಮುಟ್ಟುವ ಮೊದಲು ಆ ಕೋಣೆಯ ಕರೆಂಟ್ ಆಫ್ ಮಾಡಿದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ವೈರು ಹಾದಿರುವ ಸಾಧ್ಯತೆಯೇ ಹೆಚ್ಚು. ಟೊಳ್ಳಿನ ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಬೇಕು. ಉಳಿಯನ್ನು ಓರೆ ಹಿಡಿದು ಮೆಲ್ಲಗೆ ಬಡಿದರೆ ಬಿಟ್ಟುಕೊಂಡದ್ದು ಹಪ್ಪಳದಂತೆ ಕಳಚುತ್ತದೆ, ಗಟ್ಟಿ ಗಾರೆ ಬಂದಲ್ಲಿ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಬಾಗಿಲಿಗೆ ಬಂದ ಅತ್ತೆ, “ಅಲ್ಲಮ್ಮಾ, ಇಷ್ಟು ಕಲೆಗೆ ಗೋಡೇನೇ ಕೆಡವ್ತಿದೀಯಲ್ಲ!” ಅಂದರು. ಕೈಯಿಂದ ಒತ್ತಿ ನೋಡಿ ಅಂದೆ. ಅವರು ಬೆರಳಿಟ್ಟ ಕಡೆಯೇ ಒಂದು ಚಕ್ಕೆ ಉದುರಿತು. ಆಮೇಲೆ ಪೊರಕೆ ಅವರ ಕೈಗೇ ಹೋಯಿತು.

ಇಟ್ಟಿಗೆಯ ಮೇಲಿನ ಉಪ್ಪನ್ನು ಒಣ ಬ್ರಷ್ಷಿನಲ್ಲೇ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಕರಗಿ ಒಳಗೆ ಹೋಗಿ, ಒಣಗುವಾಗ ಮತ್ತೆ ಹೊರಗೆ ಬರುತ್ತದೆ. ಉಜ್ಜುವುದು, ಬಿಡುವುದು, ಮತ್ತೆ ಬಂದರೆ ಮತ್ತೆ ಉಜ್ಜುವುದು. ಹೊಸ ಉಪ್ಪು ಕಾಣದ ತನಕ ಸಿಮೆಂಟ್ ಚೀಲ ತೆರೆಯಲಿಲ್ಲ.

ದೂಳಿನ ಬಗ್ಗೆ ಒಂದು ಮಾತು. ಗಾರೆಯ ದೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ, ಮೂಗಿಗೆ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು. ಹಳೆಯ ಆಯಿಲ್ ಪೇಂಟ್ ಇದ್ದರೆ ಇನ್ನೂ ಹುಷಾರು, ಅದರಲ್ಲಿ ಸೀಸ ಇರಬಹುದು. ಮನೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ, ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು. ಒದ್ದೆ ಮಾಡಿ ಕೆರೆಯಬೇಕು, ಮಕ್ಕಳನ್ನು ಆ ಕಡೆ ಬಿಡಲೇಬಾರದು.

ಗಾರೆಗೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಜರಡಿ ಹಿಡಿದ ಮರಳು. ಇಟ್ಟಿಗೆಗೆ ನೀರು ಚಿಮುಕಿಸಿ, ಮೇಲ್ಮೈಯ ನೀರು ಇಂಗಿದ ಮೇಲೆ ಕರಣೆಯಿಂದ ಬೀಸಿ ಹೊಡೆದೆ. ಒಂದು ಪದರಕ್ಕೆ 12ರಿಂದ 15 ಮಿಲಿಮೀಟರ್ ಸಾಕು. ಗುಂಡಿ ಅದಕ್ಕಿಂತ ಆಳವಿದ್ದರೆ ಮೊದಲ ಪದರದ ಮೇಲೆ ಗೀರು ಹಾಕಿ ಬಿಟ್ಟು, ಮಾರನೇ ದಿನ ಎರಡನೆಯದು. ಅಕ್ಕಪಕ್ಕದ ಹಳೆ ಗಾರೆಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ಎಳೆದರೆ ಮಟ್ಟ ಸಿಗುತ್ತದೆ. ಅಲ್ಲಿಗೆ ನಿಲ್ಲಿಸದೆ ತೇಪೆಯನ್ನು ಇನ್ನೂ ಒಂದು ಮಿಲಿಮೀಟರಿನಷ್ಟು ತಗ್ಗಿಸಿದೆ, ಮೇಲೆ ನುಣುಪಿಗೆ ಹಚ್ಚುವ ಪುಟ್ಟಿಗೆ ಜಾಗ ಬೇಕಲ್ಲ. ಹೊಸ ಗಾರೆ ಹಳೆಯದಕ್ಕಿಂತ ಕೂದಲೆಳೆ ಎದ್ದು ನಿಂತರೂ ಆಮೇಲೆ ಉಜ್ಜಿ ಉಜ್ಜಿ ಕೈ ಸೋಲುತ್ತದೆ.

ಈ ಹಂತದಲ್ಲಿ ಬೇಗ ಬಿಗಿಯಲಿ ಅಂತ ಸಿಮೆಂಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸುವವರಿದ್ದಾರೆ. ಬೇಡವೇ ಬೇಡ. ಅದು ಜಿಪ್ಸಂ. ತೇವ ಸಿಕ್ಕರೆ ಜಿಪ್ಸಂ ಸಿಮೆಂಟಿನೊಂದಿಗೆ ಕೂಡಿ ಎಟ್ರಿಂಗೈಟ್ ಎಂಬ ಹರಳಾಗಿ ಹಿಗ್ಗುತ್ತದೆ, ತೇಪೆಯನ್ನೇ ಹೊರಕ್ಕೆ ತಳ್ಳುತ್ತದೆ. ಬಚ್ಚಲಿನ ಗೋಡೆಗೆ ಜಿಪ್ಸಂ ಹೇಗೂ ಸಲ್ಲದು. ಒಣ ಗೋಡೆಯ ಮೇಲೆ, ಬರೇ ಜಿಪ್ಸಂ ಆದರೆ ಯಾವ ತಕರಾರೂ ಇಲ್ಲ.

ಗಾರೆಗೆ ವಾರವಿಡೀ ನೀರುಣಿಸಿದೆ. ಆಮೇಲೆ ಕಾಯುವುದು. ಹಸಿ ಸಿಮೆಂಟ್ ತೀವ್ರ ಕ್ಷಾರ, ಅದರ ಮೇಲೆ ಆಯಿಲ್ ಪೇಂಟ್ ಬಿದ್ದರೆ ಸಾಬೂನಾಗಿ ಮೆತ್ತಗಾಗುತ್ತದೆ. ಬಣ್ಣಕ್ಕೆ ಮೊದಲು 28 ದಿನ ಅನ್ನುವ ರೂಢಿ ಸುಮ್ಮನೆ ಬಂದದ್ದಲ್ಲ.

ಆ ಬಿಡುವಿನಲ್ಲಿ ಬಿರುಕುಗಳನ್ನು ನೋಡಿಕೊಂಡೆ. ಕಿಟಕಿ ಮೂಲೆಯ ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಎಳೆದು ತಾರೀಕು ಬರೆದಿದ್ದೆ, ನಡುವೆ ಅಡ್ಡಲಾಗಿ ಬೆರಳಗಲ ಜಿಪ್ಸಂ ಮೆತ್ತಿದ್ದೆ. ಗೋಡೆ ಅಲ್ಲಾಡುತ್ತಿದ್ದರೆ ಮೆತ್ತಿದ್ದು ಒಡೆಯಬೇಕು. ಒಡೆಯಲಿಲ್ಲ, ಬಿರುಕು ಗೆರೆ ದಾಟಲೂ ಇಲ್ಲ. ಬಿರುಕು 5 ಮಿಲಿಮೀಟರಿಗಿಂತ ಅಗಲವಿದ್ದರೆ, ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ಅಥವಾ ಅದೇ ಬಿರುಕು ಹೊರಗೋಡೆಯಲ್ಲೂ ಕಂಡರೆ ಪುಟ್ಟಿ ಬದಿಗಿಟ್ಟು ಎಂಜಿನಿಯರನ್ನು ಕರೆಯುವುದೇ ಸರಿ. ಇದು ಹಾಗಿರಲಿಲ್ಲ. ಕೆರೆಯುವ ಬ್ಲೇಡಿನ ಮೂಲೆಯಿಂದ ಇಂಗ್ಲಿಷಿನ ‘ವಿ’ ಆಕಾರಕ್ಕೆ ಅಗಲಿಸಿ, ದೂಳು ಊದಿ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರನ್ನು ಎರಡು ಸಲ ತುಂಬಿದೆ. ಒಣಗುವಾಗ ಅದು ಕುಗ್ಗುವುದರಿಂದ ಒಂದೇ ಸಲಕ್ಕೆ ಮಟ್ಟ ಬರುವುದಿಲ್ಲ.

ತೊಲೆಯ ಕೆಳಗಿನ ಬಿರುಕಿನ ಸ್ವಭಾವವೇ ಬೇರೆ. ಬಿಸಿಲು, ಚಳಿಗೆ ಕಾಂಕ್ರೀಟ್ ಒಂದು ಅಳತೆಗೆ ಹಿಗ್ಗಿದರೆ ಇಟ್ಟಿಗೆ ಇನ್ನೊಂದಕ್ಕೆ. ಬರೇ ತುಂಬಿದರೆ ಅದೇ ಜಾಗದಲ್ಲಿ ಮತ್ತೆ ಸೀಳುತ್ತದೆ. ಅಲ್ಲಿ ಫಿಲ್ಲರ್ ಮೇಲೆ ಫೈಬರ್ ಜಾಲರಿಯ ಪಟ್ಟಿ ಒತ್ತಿ, ಅದರ ಮೇಲೆ ಪುಟ್ಟಿ. ಸ್ಕ್ರೂ ತೂತುಗಳದ್ದು ಸುಲಭ: ಪ್ಲಾಸ್ಟಿಕ್ ಪ್ಲಗ್ ಕಿತ್ತು, ಬರದಿದ್ದರೆ ಒಳಕ್ಕೆ ತಳ್ಳಿ, ತುಂಬಿದರಾಯಿತು.

ಡಿಸ್ಟೆಂಪರ್ ಗೋಡೆಗೆ ರಿಯಾಯಿತಿ ಇಲ್ಲ. ಅಂಗೈ ಸವರಿದರೆ ಬಿಳಿ ಪುಡಿ ಅಂಟುತ್ತದೆಯೆಂದರೆ ಅದರ ಮೇಲೆ ಹಚ್ಚಿದ ಪುಟ್ಟಿ ಆ ಪುಡಿಯನ್ನು ಹಿಡಿದಿರುತ್ತದೆಯೇ ಹೊರತು ಗೋಡೆಯನ್ನಲ್ಲ. ನೀರಿನಲ್ಲಿ ನೆನೆಸಿ ಪೂರ್ತಿ ಕೆರೆದೆ.

ಇನ್ನು ಪುಟ್ಟಿ. ಸಿಮೆಂಟ್ ಪುಟ್ಟಿಯನ್ನು ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಬೇಕು, ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಯಿತೆಂದು ನೀರು ಸೇರಿಸಿದರೆ ಅದಕ್ಕೆ ಬಲವಿರುವುದಿಲ್ಲ. ಎರಡು ಕೈ, ಅಂದರೆ ಎರಡು ಪದರ, ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ತೇಪೆ ಕಾಣುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ಅದಕ್ಕೇ ಅಗಲ ಬ್ಲೇಡಿನ ಹೊರ ತುದಿಯನ್ನು ಗೋಡೆಗೆ ಒತ್ತಿ, ಒಳ ತುದಿಯನ್ನು ಸಡಿಲ ಹಿಡಿದು, ತೇಪೆಯಿಂದ ಒಂದು ಗೇಣು ಆಚೆಯವರೆಗೂ ಎಳೆದು ಬಿಟ್ಟೆ. ಪುಟ್ಟಿ ಎಲ್ಲಿ ಮುಗಿಯಿತೆಂದು ಬೆರಳಿಗೂ ಗೊತ್ತಾಗಬಾರದು.

ಉಜ್ಜುವ ಮೊದಲು ತೇಪೆಯ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಗೀಚಿದೆ. 120ರ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿದಾಗ ಉಬ್ಬಿನ ಮೇಲಿನ ಗೀಚು ಅಳಿಸುತ್ತದೆ, ತಗ್ಗಿನದು ಉಳಿಯುತ್ತದೆ. ಉಳಿದಲ್ಲಿ ಇನ್ನೊಂದಿಷ್ಟು ಪುಟ್ಟಿ. ಕೊನೆಗೆ 220ರ ಕಾಗದ. ಕತ್ತಲಾದ ಮೇಲೆ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ಬೆಳಕು ಬಿಟ್ಟರೆ ಹಗಲಿನಲ್ಲಿ ಕಾಣದ ಅಲೆಗಳೆಲ್ಲ ನೆರಳು ಹಾಕುತ್ತವೆ. ಮೊದಲ ರಾತ್ರಿ ಸಾಕಷ್ಟು ಕಂಡವು.

ದೂಳು ಒರೆಸಿ ತೇಪೆಗಳಿಗೆ ಮಾತ್ರ ಒಂದು ಕೈ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ), ಆಮೇಲೆ ಇಡೀ ಗೋಡೆಗೆ ಒಂದು. ಪುಟ್ಟಿ ಹಳೆ ಬಣ್ಣಕ್ಕಿಂತ ಹೆಚ್ಚು ಹೀರುವುದರಿಂದ ಹೀಗೆ ಮಾಡದಿದ್ದರೆ ಮೇಲಿನ ಬಣ್ಣದಲ್ಲಿ ತೇಪೆಗಳು ಮಂಕಾಗಿ ಎದ್ದು ಕಾಣುತ್ತವೆ. ಪ್ರೈಮರ್ ಒಣಗಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡವು. ಅವನ್ನು ಅಕ್ರಿಲಿಕ್ ಪುಟ್ಟಿಯಿಂದ ಮುಚ್ಚಿ, ಅಲ್ಲಲ್ಲೇ ಪ್ರೈಮರ್ ತಾಗಿಸಿದೆ. ಬಚ್ಚಲಿನ ಗೋಡೆಗೆ ಮಾತ್ರ ಹೊಳಪಿನ, ತೊಳೆಯಬಹುದಾದ ಬಣ್ಣ ಬೇಡ ಅಂದೆ. ಒಳಗೆ ಉಳಿದ ಅಷ್ಟಿಷ್ಟು ತೇವ ಹೊರಬರಲು ದಾರಿ ಬೇಕು. ಕಪಾಟನ್ನೂ ಆ ಗೋಡೆಗೆ ಒರಗಿಸಿಲ್ಲ. ಬುಡಕ್ಕೆ ಗಾಳಿಯಾಡಲಿ, ಬಗ್ಗಿ ನೋಡಿದರೆ ಕಾಣಲಿ ಅಂತ ನಾಲ್ಕು ಬೆರಳು ಜಾಗ ಬಿಟ್ಟೇ ಇಟ್ಟಿದ್ದೇವೆ.