ಪಕ್ಕದ ದೇಶಗಳ ಸೋಷಿಯಲ್ ಮೀಡಿಯಾ ಕಾನೂನು: ನಾನು ಓದುವ ರೀತಿ

ಬೆಂಗಳೂರಿನ ಸಣ್ಣ ಆ್ಯಪ್ ಕಂಪನಿಗಳಿಗೆ ಕಾನೂನು ಸಲಹೆ ಕೊಡುವುದು ನನ್ನ ಕೆಲಸ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ತಂಡ ಇರುತ್ತದೆ. ನನ್ನ ಬಳಿ ಬರುವವರು ಹತ್ತು ಹದಿನೈದು ಜನ ಸೇರಿ ಕಂಪನಿ ಕಟ್ಟಿದವರು. ಇಲ್ಲಿ ಆ್ಯಪ್ ಸ್ವಲ್ಪ ಓಡಿತು ಅಂದರೆ ಅವರ ಕಣ್ಣು ಪಕ್ಕದ ದೇಶಗಳ ಕಡೆ ಹೊರಳುತ್ತದೆ. ಗುಂಪಾಗಿ ಹರಟೆ ಹೊಡೆಯುವ ವಾಯ್ಸ್ ಚಾಟ್ ಆ್ಯಪ್ ಮಾಡಿದ್ದ ಹುಡುಗನೊಬ್ಬ 2025ರ ಮಳೆಗಾಲದ ಶುರುವಿನಲ್ಲಿ ಕೇಳಿದ: "ಮೇಡಂ, ನೇಪಾಳ ನಮ್ಮ ಪಕ್ಕದ್ದೇ ಅಲ್ವಾ? ಇಲ್ಲಿ ಬರ್ಕೊಟ್ಟಿರೋ ಪಾಲಿಸಿನೇ ಅಲ್ಲಿಗೂ ಹಾಕಿದ್ರೆ ಸಾಲ್ದಾ?"

ಸಾಲದು. ಯಾಕೆ ಸಾಲದು ಎಂದು ತೋರಿಸಲು ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ ನಾಲ್ಕನ್ನೂ ಸೇರಿಸಿ ಒಂದು ಟಿಪ್ಪಣಿ ಮಾಡಿದೆ. ಪಾಕಿಸ್ತಾನಕ್ಕೆ ಇಲ್ಲಿಂದ ಆ್ಯಪ್ ಒಯ್ಯುವ ಮಾತು ಯಾರೂ ಆಡುವುದಿಲ್ಲ, ನಿಜ. ಆದರೆ ಅಲ್ಲಿ ನಡೆದದ್ದನ್ನು ನೋಡಿದರೆ ಉಳಿದ ಮೂರು ಬೇಗ ಅರ್ಥವಾಗುತ್ತವೆ. ಟಿಪ್ಪಣಿ ಮಾಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಇದೇ ಕೆಲಸ ಮಾಡುವವರಿಗೆ, ಪತ್ರಕರ್ತರಿಗೆ ಉಪಯೋಗಕ್ಕೆ ಬರಬಹುದು.

ಸಾಮಾನ್ಯವಾಗಿ ಎಲ್ಲರೂ ಕಾಯ್ದೆಯ ಮೊದಲ ಪುಟದಿಂದ ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಆ ದೇಶದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಯಾವ ಯಾವ ಆ್ಯಪ್ ಬಂದ್ ಆಯಿತು, ಯಾವ ದಿನ, ಯಾರ ಪತ್ರದ ಮೇಲೆ, ಎಷ್ಟು ದಿನ ಎಂದು ಮೊದಲು ಒಂದು ಹಾಳೆಯಲ್ಲಿ ಬರೆಯುತ್ತೇನೆ. ಆಮೇಲೆ ಕಾಯ್ದೆ ತೆಗೆಯುತ್ತೇನೆ. ನಾಲ್ಕೂ ದೇಶಗಳ ಹಾಳೆ ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ವರ್ಷಗಟ್ಟಲೆ ಚರ್ಚೆ ಮಾಡಿ ತಂದ ದೊಡ್ಡ ಸೋಷಿಯಲ್ ಮೀಡಿಯಾ ಕಾನೂನನ್ನು ಬಳಸಿ ಯಾರೂ ದೊಡ್ಡ ಬಂದ್ ಮಾಡಿಲ್ಲ. ಮಾಡಿದ್ದೆಲ್ಲ ಒಂದು ನಿರ್ದೇಶಿಕೆ, ಒಂದು ಇಲಾಖೆಯ ಪತ್ರ, ಕೆಲವೊಮ್ಮೆ ಬರೀ ಬಾಯಿಮಾತು.

ನೇಪಾಳವನ್ನೇ ನೋಡಿ. ಅಲ್ಲಿನ ಸರ್ಕಾರ ಸೋಷಿಯಲ್ ಮೀಡಿಯಾ ಮಸೂದೆಯನ್ನು ಮೇಲ್ಮನೆಗೆ ತಂದದ್ದು 2025ರ ಆರಂಭದಲ್ಲಿ. ಅನುಮತಿ ಇಲ್ಲದೆ ನಡೆಸಿದರೆ 25 ಲಕ್ಷ ನೇಪಾಳಿ ರೂಪಾಯಿವರೆಗೆ ದಂಡ, ಬೇನಾಮಿ ಖಾತೆ ತೆರೆದರೆ ಜೈಲು, ಹೀಗೆ ಅದರಲ್ಲಿ ಬಹಳ ಇತ್ತು. ನಮ್ಮ ಹುಡುಗ ಅದನ್ನೇ ಇಂಗ್ಲಿಷ್ ಅನುವಾದದಲ್ಲಿ ಓದಿಕೊಂಡು ಬಂದಿದ್ದ. "ಇದಿನ್ನೂ ಪಾಸ್ ಆಗಿಲ್ವಲ್ಲ ಮೇಡಂ" ಎಂಬ ಧೈರ್ಯ ಬೇರೆ. ನಾನು ತೋರಿಸಿದ್ದು 2023ರ ನಿರ್ದೇಶಿಕೆಯನ್ನು. ಸಂಸತ್ತಿನ ಮುಂದೆ ಹೋಗದೆ ಸರ್ಕಾರವೇ ಹೊರಡಿಸಿದ್ದು ಅದು. ನೋಂದಣಿ ಮಾಡಿಸಿ, ನೇಪಾಳದಲ್ಲಿ ಸಂಪರ್ಕಕ್ಕೆ ಒಬ್ಬರನ್ನು ನೇಮಿಸಿ ಎಂದು ಅದರಲ್ಲಿ ಆಗಲೇ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸಾಮಾಜಿಕ ಸಾಮರಸ್ಯಕ್ಕೆ ಧಕ್ಕೆ ಎಂದು ಟಿಕ್‌ಟಾಕ್ ಬಂದ್ ಮಾಡಿದ್ದರು. ಹೇಳಿದಂತೆ ಕೇಳುತ್ತೇವೆ ಎಂದು ಒಪ್ಪಿದ ಮೇಲೆ, 2024ರ ಆಗಸ್ಟ್‌ನಲ್ಲಿ ತೆರೆದರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ, ಆದರೆ ಒಳಗಿನ ಕ್ರಮ ಗಮನಿಸಿ. 2025ರ ಆಗಸ್ಟ್‌ನಲ್ಲಿ ನೇಪಾಳದ ಸುಪ್ರೀಂ ಕೋರ್ಟ್, ನೋಂದಣಿ ಆಗಿಯೇ ನಡೆಯಬೇಕು ಎಂದಿತು. ತಿಂಗಳ ಕೊನೆಗೆ ಸಂಪರ್ಕ ಇಲಾಖೆ ಏಳು ದಿನದ ಗಡುವು ಕೊಟ್ಟಿತು. ಕೇಳಿದ್ದು ಮೂವರನ್ನು: ಸಂಪರ್ಕಕ್ಕೆ ಒಬ್ಬರು, ದೂರು ಕೇಳಲು ಅಲ್ಲೇ ಇರುವ ಒಬ್ಬರು, ಸ್ವಯಂ ನಿಯಂತ್ರಣ ನೋಡಿಕೊಳ್ಳಲು ಒಬ್ಬರು. ನಮ್ಮ 2021ರ ಐಟಿ ನಿಯಮಗಳನ್ನು ಓದಿದವರಿಗೆ ಈ ಮೂವರೂ ಹೆಚ್ಚುಕಡಿಮೆ ಪರಿಚಿತರೇ. ಸೆಪ್ಟೆಂಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಯೂಟ್ಯೂಬ್, ಎಕ್ಸ್, ಡಿಸ್ಕಾರ್ಡ್ ಸೇರಿ 26 ಆ್ಯಪ್‌ಗಳಿಗೆ ಬೀಗ ಬಿತ್ತು. ಮಸೂದೆ ಇನ್ನೂ ಮಸೂದೆಯಾಗಿಯೇ ಇತ್ತು.

ಆ 26ರ ಪಟ್ಟಿಯಲ್ಲಿ ಹಮ್ರೋ ಪಾತ್ರೋ ಹೆಸರೂ ಇತ್ತು. ನೇಪಾಳದವರೇ ಮಾಡಿದ ಪಂಚಾಂಗದ ಆ್ಯಪ್ ಅದು. "ನಮ್ಮಂಥ ಚಿಕ್ಕವರನ್ನ ಯಾರು ಕೇಳ್ತಾರೆ" ಎನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಇನ್ನೊಂದು ಕಡೆ, ಹಿಂದೆ ನಿಷೇಧ ಅನುಭವಿಸಿ ಬುದ್ಧಿ ಕಲಿತಿದ್ದ ಟಿಕ್‌ಟಾಕ್ ನೋಂದಣಿ ಮಾಡಿಸಿತ್ತು. ಅದು ತೆರೆದೇ ಇತ್ತು. ರಾಜಕಾರಣಿಗಳ ಮಕ್ಕಳ ಐಷಾರಾಮಿ ಬದುಕಿನ ವಿಡಿಯೋಗಳು ಅಲ್ಲೇ ಓಡಾಡಿದವು. ಸೆಪ್ಟೆಂಬರ್ 8ರಂದು ಹುಡುಗರು ಬೀದಿಗಿಳಿದರು. ಗುಂಡು ಹಾರಿತು. ಆ ಒಂದೇ ದಿನ 19 ಜನ ಸತ್ತರು. ರಾತ್ರಿ ಹೊತ್ತಿಗೆ ನಿರ್ಬಂಧ ತೆಗೆದರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಮಧ್ಯಂತರ ಪ್ರಧಾನಿ ಯಾರಾಗಬೇಕು ಎಂದು ಯುವಕರು ಚರ್ಚೆ ಮಾಡಿದ್ದು ಡಿಸ್ಕಾರ್ಡ್‌ನಲ್ಲಿ. ಕೆಲವೇ ದಿನದ ಹಿಂದೆ ಬಂದ್ ಆಗಿದ್ದ ಅದೇ ಡಿಸ್ಕಾರ್ಡ್! ಆ ಹುದ್ದೆಗೆ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಪ್ರಮಾಣವಚನ ತೆಗೆದುಕೊಂಡದ್ದು 12ರಂದು.

ಭ್ರಷ್ಟಾಚಾರದ ಸಿಟ್ಟು ಮೊದಲೇ ಇತ್ತು, ಬಂದ್ ಬರೀ ನೆಪ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ನೇಪಾಳದ ಆರ್ಥಿಕತೆಯ ಸುಮಾರು ಕಾಲು ಭಾಗದಷ್ಟು ಹಣ ಹೊರಗೆ ದುಡಿಯುವವರಿಂದ ಬರುತ್ತದೆ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಕೆಲಸ ಮಾಡುವ ನೇಪಾಳಿಗಳನ್ನು ನಾವು ದಿನಾ ನೋಡುತ್ತೇವಲ್ಲ, ಅವರು ಮನೆಗೆ ಮಾತಾಡುವುದು ವಾಟ್ಸ್ಆ್ಯಪ್, ಮೆಸೆಂಜರ್, ಐಎಂಒಗಳಲ್ಲಿ. ಮೂರೂ ಪಟ್ಟಿಯಲ್ಲಿದ್ದವು. ಮನೆ ಮನೆಗೆ ತಟ್ಟಿದ ಆದೇಶ ಅದು.

ಶ್ರೀಲಂಕಾದ ಹಾಳೆ ಬೇರೆ ತರಹ. 2018ರ ಮಾರ್ಚ್‌ನಲ್ಲಿ ಕ್ಯಾಂಡಿ ಜಿಲ್ಲೆಯ ದಿಗಣ ಸುತ್ತ ಮುಸ್ಲಿಮರ ಮೇಲೆ ಗಲಭೆ ನಡೆದಾಗ ಫೇಸ್‌ಬುಕ್, ವಾಟ್ಸ್ಆ್ಯಪ್ ಬಂದ್. 2019ರ ಈಸ್ಟರ್ ಬಾಂಬ್ ಸ್ಫೋಟದ ದಿನ ಮತ್ತೆ ಬಂದ್. ಇವೆರಡಕ್ಕೆ ಒಂದು ಕಾರಣವಾದರೂ ಹೇಳಬಹುದು. 2018ರ ಗಲಭೆಯಲ್ಲಿ ತನ್ನ ವೇದಿಕೆ ದುರ್ಬಳಕೆಯಾದದ್ದಕ್ಕೆ ಫೇಸ್‌ಬುಕ್ ಎರಡು ವರ್ಷದ ನಂತರ ಕ್ಷಮೆಯನ್ನೂ ಕೇಳಿತು. ಆದರೆ 2022ರ ಏಪ್ರಿಲ್ 3ರದ್ದು ಹಾಗಲ್ಲ. ಕರೆಂಟಿಲ್ಲ, ಡೀಸೆಲ್ ಇಲ್ಲ ಎಂದು ಜನ ಬೀದಿಗೆ ಬರುವ ದಿನ ಅದು. ರಕ್ಷಣಾ ಇಲಾಖೆ ಕೇಳಿತು, ಟೆಲಿಕಾಂ ನಿಯಂತ್ರಣ ಆಯೋಗ ಬಂದ್ ಮಾಡಿತು. ಒಂದು ದಿನ ತುಂಬುವ ಮೊದಲೇ ತೆರೆಯಬೇಕಾಯಿತು. ಆಗ ಮಂತ್ರಿಯಾಗಿದ್ದ ನಮಲ್ ರಾಜಪಕ್ಸ ಅವರೇ, ತಡೆಯನ್ನು ದಾಟಿ ಹೋಗಲು ವಿಪಿಎನ್ ಇರುವಾಗ ಇಂಥ ನಿಷೇಧದಿಂದ ಏನೂ ಉಪಯೋಗವಿಲ್ಲ ಎಂದು ಬರೆದರು.

ಕಾನೂನು ಬಂದದ್ದು ಇದೆಲ್ಲ ಮುಗಿದ ಮೇಲೆ. ಆನ್‌ಲೈನ್ ಸುರಕ್ಷತಾ ಕಾಯ್ದೆ, 2024ರ 9ನೇ ಕಾಯ್ದೆ. ಐದು ಜನರ ಆಯೋಗ, ಯಾವ ಹೇಳಿಕೆ ಸುಳ್ಳು ಎಂದು ತೀರ್ಮಾನಿಸುವ ಅಧಿಕಾರ, ತೆಗೆಸುವ ಅಧಿಕಾರ. ಇದನ್ನು ಓದುವಾಗ ನಮ್ಮ ವಕೀಲರು ಒಂದು ಮಾತು ನೆನಪಿಡಬೇಕು. ನಮ್ಮಲ್ಲಿ ಕಾಯ್ದೆ ಆದ ಮೇಲೂ ಕೋರ್ಟು ರದ್ದು ಮಾಡಬಹುದು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರಲ್ಲಿ ಹಾಗೇ ಹೋಯಿತು. ಶ್ರೀಲಂಕಾದಲ್ಲಿ ಆ ದಾರಿ ಇಲ್ಲ. ಮಸೂದೆಯಾಗಿರುವಾಗಲೇ ಸುಪ್ರೀಂ ಕೋರ್ಟಿಗೆ ಹೋಗಬೇಕು. ಸ್ಪೀಕರ್ ಸಹಿ ಬಿದ್ದ ಮೇಲೆ ಮುಗಿಯಿತು. ಅದಕ್ಕೇ ಅಲ್ಲಿ ಅರ್ಜಿಗಳ ರಾಶಿ ಮೊದಲೇ ಬಿತ್ತು. ಹಲವು ಕಲಂ ತಿದ್ದಬೇಕೆಂದು ಕೋರ್ಟು ಹೇಳಿತು. ಹೇಳಿದ್ದನ್ನೆಲ್ಲ ಸೇರಿಸದೆಯೇ ಪಾಸ್ ಮಾಡಿದಿರಿ ಎಂದು ವಿರೋಧ ಪಕ್ಷ ಸ್ಪೀಕರ್ ಮೇಲೆ ಅವಿಶ್ವಾಸ ನಿರ್ಣಯ ತಂದಿತು. ಅದು ಬಿದ್ದುಹೋಯಿತು, ಕಾಯ್ದೆ ಉಳಿಯಿತು. ಹಾಗಾಗಿ ಶ್ರೀಲಂಕಾದ ಮಟ್ಟಿಗೆ ನಾನು ಗೆಜೆಟ್‌ನಲ್ಲಿ ಮಸೂದೆ ಬಂದ ದಿನದಿಂದಲೇ ಕಣ್ಣಿಡುತ್ತೇನೆ. ಕಾಯ್ದೆ ಆಗಲಿ, ಆಮೇಲೆ ನೋಡೋಣ ಎಂದು ಕೂರುವಂತಿಲ್ಲ.

ಬಾಂಗ್ಲಾದೇಶದಲ್ಲಿ ಕಾನೂನು ಆಗಾಗ ಮನೆ ಬದಲಾಯಿಸುವ ಬಾಡಿಗೆದಾರನ ಹಾಗೆ. ಬೋರ್ಡು ಹೊಸದು, ಒಳಗಿನ ಸಾಮಾನು ಹಳೆಯದು. 2006ರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಕಾಯ್ದೆಯ 57ನೇ ಸೆಕ್ಷನ್ ನಮ್ಮ 66ಎಗಿಂತ ಭಾರಿ. 2013ರ ತಿದ್ದುಪಡಿ ನಂತರ ಜಾಮೀನಿಲ್ಲ, 14 ವರ್ಷದವರೆಗೆ ಜೈಲು. ಜನ ಬೈದರು ಎಂದು 2018ರಲ್ಲಿ ಅದನ್ನು ತೆಗೆದು ಡಿಜಿಟಲ್ ಸೆಕ್ಯುರಿಟಿ ಕಾಯ್ದೆ ತಂದರು. ಅದರಡಿ ಜೈಲು ಸೇರಿದ ಲೇಖಕ ಮುಷ್ತಾಕ್ ಅಹ್ಮದ್ 2021ರ ಫೆಬ್ರವರಿಯಲ್ಲಿ ಒಳಗೇ ತೀರಿಕೊಂಡರು. 2023ರಲ್ಲಿ ಸೈಬರ್ ಸೆಕ್ಯುರಿಟಿ ಕಾಯ್ದೆ. ಮಾನಹಾನಿಗೆ ಜೈಲು ಹೋಗಿ 25 ಲಕ್ಷ ಟಾಕಾವರೆಗೆ ದಂಡ ಬಂತು. ಸಾಮಾನ್ಯ ಪತ್ರಕರ್ತನಿಗೆ ಎರಡರಲ್ಲಿ ಯಾವುದು ಮೇಲು ಹೇಳಿ! 2025ರ ಮೇ ತಿಂಗಳಲ್ಲಿ ಯೂನುಸ್ ಅವರ ಮಧ್ಯಂತರ ಸರ್ಕಾರ ಸುಗ್ರೀವಾಜ್ಞೆ ತಂದು ಹಳೆಯ ಒಂಬತ್ತು ಸೆಕ್ಷನ್ ಕೈಬಿಟ್ಟಿತು. ಈ ದೇಶದ ಕಾನೂನು ಓದಲು ನಾನು ಕಂಡುಕೊಂಡ ಸುಲಭ ಉಪಾಯ ಇದು: ಹಳೆಯ ಮತ್ತು ಹೊಸ ಕಾಯ್ದೆಯ ಸೆಕ್ಷನ್‌ಗಳನ್ನು ಎದುರುಬದುರು ಇಟ್ಟು, ಯಾವ ಅಪರಾಧ ಎಲ್ಲಿಗೆ ಹೋಯಿತು ಎಂದು ಬಾಣ ಎಳೆಯುವುದು. ಬಾಣ ಎಲ್ಲೂ ತಲುಪದಿದ್ದರೆ ಮಾತ್ರ ಅದು ನಿಜವಾಗಿ ಹೋಗಿದೆ ಎಂದರ್ಥ.

ಆದರೆ 2024ರ ಜುಲೈನಲ್ಲಿ ವಿದ್ಯಾರ್ಥಿ ಚಳವಳಿಯ ವೇಳೆ ಇಡೀ ದೇಶದ ಇಂಟರ್ನೆಟ್ ನಿಂತದ್ದು ಈ ಯಾವ ಕಾಯ್ದೆಯಿಂದಲೂ ಅಲ್ಲ. ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದದ್ದೇ ಕಾರಣ ಎಂದು ಸರ್ಕಾರ ಆಗ ಹೇಳಿತು. ಮೊಬೈಲ್ ಇಂಟರ್ನೆಟ್ ಸುಮಾರು ಹತ್ತು ದಿನ ಇರಲಿಲ್ಲ. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟ ಮೇಲೆ ಹೊಸ ಸರ್ಕಾರ ತನಿಖೆ ಮಾಡಿಸಿತು. ಇಲಾಖೆಯ ಒಪ್ಪಿಗೆಯೇ ಇಲ್ಲದೆ, ಸಚಿವರ ಬಾಯಿಮಾತಿನ ಮೇಲೆ ಬಂದ್ ಆಗಿತ್ತು ಎಂದು ವರದಿ ಬಂತು.

ಪಾಕಿಸ್ತಾನದ್ದು ಚಿಕ್ಕದಾಗಿ ಹೇಳುತ್ತೇನೆ. 2024ರ ಫೆಬ್ರವರಿ 8ರಂದು ಚುನಾವಣೆ. 17ರಿಂದ ಎಕ್ಸ್ ಇಲ್ಲ. ಬಂದ್ ಮಾಡಿದ್ದು ನಾವೇ ಎಂದು ಸರ್ಕಾರ ಇಸ್ಲಾಮಾಬಾದ್ ಹೈಕೋರ್ಟಿನಲ್ಲಿ ಒಪ್ಪಿಕೊಂಡದ್ದು ಏಪ್ರಿಲ್‌ನಲ್ಲಿ. ಅಲ್ಲೂ ಗೃಹ ಇಲಾಖೆಯ ಒಂದು ಪತ್ರ. ಜನರಿಗೆ ಎಕ್ಸ್ ಇಲ್ಲದ ಆ ಕಾಲದಲ್ಲಿ ಪ್ರಧಾನಿ ಶೆಹಬಾಜ್ ಷರೀಫ್ ಅವರ ಪೋಸ್ಟುಗಳು ಮಾತ್ರ ಎಕ್ಸ್‌ನಲ್ಲಿ ಬರುತ್ತಲೇ ಇದ್ದವು. ಮತ್ತೆ ತೆರೆದದ್ದು 2025ರ ಮೇ ತಿಂಗಳಲ್ಲಿ, ಭಾರತದ ಜೊತೆ ಸಂಘರ್ಷ ನಡೆಯುವಾಗ. ಪೆಕಾ ಎಂದು ಕರೆಯುವ 2016ರ ಸೈಬರ್ ಅಪರಾಧ ಕಾಯ್ದೆಗೆ 2025ರ ಜನವರಿಯಲ್ಲಿ ತಿದ್ದುಪಡಿ ತಂದು, ಸುಳ್ಳು ಸುದ್ದಿಗೆ ಮೂರು ವರ್ಷದವರೆಗೆ ಜೈಲು, 20 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಮಾಡಿದರು. ಎರಡೂ ಮನೆ ದಾಟಿ ರಾಷ್ಟ್ರಪತಿ ಸಹಿ ಬೀಳಲು ಒಂದು ವಾರ ಸಾಕಾಯಿತು.

ಇಷ್ಟೆಲ್ಲ ಹೇಳುವಾಗ ನಮ್ಮದೇನು ಎಂದು ಕೇಳಿಯೇ ಕೇಳುತ್ತಾರೆ. ಕೇಳಲೇಬೇಕು. ನಮ್ಮಲ್ಲಿ ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಬರುವ ಬಂದ್ ಆದೇಶಗಳು ಗುಟ್ಟಾಗಿರುತ್ತವೆ, ನಿಯಮವೇ ಹಾಗೆ ಹೇಳುತ್ತದೆ. ಪೋಸ್ಟ್ ತೆಗೆಯಿರಿ ಎಂದು ಕಂಪನಿಗಳಿಗೆ ಸರ್ಕಾರ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ನನ್ನ ಟಿಪ್ಪಣಿಯಲ್ಲಿ ಭಾರತಕ್ಕೂ ಒಂದು ಹಾಳೆ ಇದೆ. ಅದು ಇಲ್ಲದಿದ್ದರೆ ನಾವು ಮಾತ್ರ ಸರಿ ಎಂಬ ಹುಂಬತನ ಬಂದುಬಿಡುತ್ತದೆ.

ಬಂದ್‌ಗಳ ಹಾಳೆ ಮುಗಿದ ಮೇಲೆ ಕಾಯ್ದೆಯಲ್ಲಿ ನಾನು ಹುಡುಕುವುದು ಕೆಲವೇ ವಿಷಯ. ಆದೇಶ ಕೊಡುವವರು ಯಾರು, ಎಷ್ಟು ಗಂಟೆಯಲ್ಲಿ ತೆಗೆಯಬೇಕು, ಒಪ್ಪದಿದ್ದರೆ ಯಾರ ಬಳಿ ಹೋಗಬೇಕು. ಜಾಸ್ತಿ ಮುಖ್ಯವಾದದ್ದು, ಆ ದೇಶದಲ್ಲಿ ಕೂತ ನಮ್ಮ ಮನುಷ್ಯನ ಮೇಲೆ ಯಾವ ಹೊಣೆ ಬೀಳುತ್ತದೆ. ನೇಪಾಳದ್ದಾದರೆ ದಿನಾಂಕಗಳನ್ನು ವಿಕ್ರಮ ಶಕೆಯಿಂದ ನಮ್ಮ ಲೆಕ್ಕಕ್ಕೆ ತಂದುಕೊಳ್ಳಬೇಕು. 2023ರ ನಿರ್ದೇಶಿಕೆಯ ಮೇಲೆ 2080 ಎಂದಿರುತ್ತದೆ, ಗಡುವು ಲೆಕ್ಕ ಹಾಕುವಾಗ ಇದು ಕೈಕೊಡುತ್ತದೆ. ತೆರಿಗೆಯನ್ನೂ ಬಿಡಬೇಡಿ. ಹೊರಗಿನ ಡಿಜಿಟಲ್ ಸೇವೆಗಳ ಮೇಲೆ ನೇಪಾಳ 2022ರಿಂದ ಶೇ 2ರ ತೆರಿಗೆ ಹಾಕಿದೆ. ಅದು ಸೋಷಿಯಲ್ ಮೀಡಿಯಾ ಕಾನೂನಿನಲ್ಲಿ ಸಿಗುವುದಿಲ್ಲ, ಬಜೆಟ್ ಕಾಯ್ದೆಯಲ್ಲಿ ಇರುತ್ತದೆ.

ಸೆಪ್ಟೆಂಬರ್ ಗಲಾಟೆ ತಣ್ಣಗಾದ ಮೇಲೆ ಹುಡುಗ ಮತ್ತೆ ಬಂದ. "ಈಗ ಯಾರೂ ಕೇಳಲ್ವಲ್ಲ ಮೇಡಂ, ನೋಂದಣಿ ಬಿಟ್ಬಿಡೋಣ್ವಾ?" ಎಂದ. ಬಂದ್ ತೆಗೆದರು ಎಂದರೆ ನಿರ್ದೇಶಿಕೆ ರದ್ದಾಯಿತು ಎಂದಲ್ಲ, ಬಿಡಬೇಡ ಎಂದೆ. ಹಾಗಾದರೆ ಅಲ್ಲಿನ ಪ್ರತಿನಿಧಿ ಯಾರು? ಕಠ್ಮಂಡುವಿನಲ್ಲಿ ಅವನ ಜೊತೆ ಓದಿದ ಗೆಳೆಯನೊಬ್ಬನಿದ್ದ. ಅವನ ಹೆಸರು ಹಾಕೋಣ, ಸುಮ್ನೆ ಒಂದು ಸಹಿ ತಾನೇ ಎಂದ. ಆ ಸಹಿ ಹಾಕುವವನಿಗೇ ಮೊದಲು ಪೊಲೀಸರ ಫೋನು ಹೋಗುವುದು ಎಂದು ಹೇಳಿ, ಗೆಳೆಯನಿಗೂ ಅದೇ ಟಿಪ್ಪಣಿ ಕಳಿಸಲು ಹೇಳಿದೆ. ಗೆಳೆಯ ಓದಿ, ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ ಎಂದು ಕೇಳಿದ: ಕೇಸು ಬಿದ್ದರೆ ವಕೀಲರ ಖರ್ಚು ಕಂಪನಿಯದು, ಮತ್ತು ಯಾವ ಪೋಸ್ಟ್ ತೆಗೆಯಬೇಕು ಎಂಬ ತೀರ್ಮಾನ ತನ್ನದಲ್ಲ. ಎರಡನ್ನೂ ಸೇರಿಸಿದೆವು. ಈಗ ನಾನು ಯಾವ ದೇಶದ ಪ್ರತಿನಿಧಿ ಒಪ್ಪಂದ ಬರೆದರೂ ಆ ಎರಡು ಸಾಲು ಮೊದಲ ಪುಟದಲ್ಲೇ ಇರುತ್ತವೆ.